ಎರಡೇ ನಿಮಿಷ ಅಂತ ನಿಲ್ಲಿಸಿದ ಕಾರು

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಆಮೇಲೆ ಬೇರೆಯವರದು.

ಮೂರು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಎರಡೇ ದಿನ ಇತ್ತು. ಮೊರ, ಬಳೆ, ಬಿಚ್ಚೋಲೆ, ಬ್ಲೌಸ್ ಪೀಸು ಎಲ್ಲಾ ಗಾಂಧಿಬಜಾರಿನಲ್ಲೇ ಮುಗಿದಿತ್ತು. ಅತ್ತಿಗೆಗೆ ಒಂದು ಸೀರೆ ಮಾತ್ರ ಬಾಕಿ. ಮಾಲ್‌ನಲ್ಲಿ ರಿಯಾಯಿತಿ ಇದೆ ಅಂತ ಸಂಜೆ ಅಲ್ಲಿಗೆ ಹೋದ್ವಿ. ಬೇಸ್‌ಮೆಂಟಿನಲ್ಲಿ ಮೂರು ಸುತ್ತು ಹಾಕಿದರೂ ಜಾಗ ಇಲ್ಲ. ಹಿಂದಿನ ಸೀಟಿನಲ್ಲಿ ಮಗನದ್ದು ಒಂದೇ ರಾಗ, 'ಅಮ್ಮಾ, ಅರ್ಜೆಂಟು'. ಅಷ್ಟರಲ್ಲಿ ಲಿಫ್ಟ್ ಪಕ್ಕದಲ್ಲೇ ವಿಶಾಲವಾದ ಜಾಗವೊಂದು ಖಾಲಿ ಕಾಣಿಸಿತು. ನೆಲಕ್ಕೆ ನೀಲಿ ಬಣ್ಣ, ಮೇಲೆ ಗಾಲಿಕುರ್ಚಿಯ ಚಿತ್ರ. ನಮ್ಮೆಜಮಾನ್ರು ಹಿಂದೆಮುಂದೆ ನೋಡಿದರು. "ಹಾಕ್ರೀ, ಎರಡೇ ನಿಮಿಷ. ಹಬ್ಬದ ರಶ್ಶಿನಲ್ಲಿ ವೀಲ್‌ಚೇರ್‌ನವರು ಯಾರು ಬರ್ತಾರೆ?" ಅಂದಿದ್ದು ನಾನೇ.

ಎರಡು ನಿಮಿಷ ಅನ್ನೋದು ಒಂದು ಗಂಟೆ ಹತ್ತು ನಿಮಿಷ ಆಯ್ತು. ಪಾರ್ಕಿಂಗ್ ಚೀಟಿಯಲ್ಲಿ ಹೊತ್ತು ಪ್ರಿಂಟ್ ಆಗಿರುತ್ತಲ್ಲ, ಅದಕ್ಕೇ ಲೆಕ್ಕ ಸರಿಯಾಗಿ ನೆನಪಿದೆ.

ಹಬ್ಬ ಕಳೆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಟೀಚರ್ ಸಿಕ್ಕಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತಾರೆ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲಿಗೆ ಬಲ ಇಲ್ಲ. ಬ್ರೇಕು, ಆಕ್ಸಿಲರೇಟರ್ ಎಲ್ಲಾ ಕೈಯಲ್ಲೇ ಹಾಕೋ ಹಾಗೆ ಮಾಡಿಸಿದ ಕಾರನ್ನು ತಾವೇ ಓಡಿಸ್ತಾರೆ. "ಹಬ್ಬದ ಹಿಂದೆಮುಂದೆ ಮಾಲ್‌ನಲ್ಲಿ ನಿಮ್ಮ ಕಾರು ನೋಡಿದೆ ರೀ, ವೀಲ್‌ಚೇರ್ ಜಾಗದಲ್ಲಿ. ನಿಮ್ಮತ್ತೆಗೇನೋ ಹುಷಾರಿಲ್ಲ ಅಂದ್ಕೊಂಡೆ. ಈಗ ಹೇಗಿದಾರೆ?" ಅಂದರು.

ನಮ್ಮತ್ತೆಗೆ ಎಪ್ಪತ್ತೆರಡು. ದಿನಾ ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕೋ ಗಟ್ಟಿಗಿತ್ತಿ. ನಾನು "ಹ್ಞೂಂ, ಈಗ ಪರವಾಗಿಲ್ಲ" ಅಂದುಬಿಟ್ಟೆ! "ಅವತ್ತು ನೀವೇನು ಮಾಡಿದ್ರಿ?" ಅಂತ ಕೇಳಿದೆ. "ಒಂದು ಹತ್ತು ನಿಮಿಷ ಕಾದೆ. ಆಮೇಲೆ ಮನೆಗೆ ಬಂದೆ" ಅಂದರು, ಮಳೆ ಬಂತು ಅಂದಷ್ಟೇ ಸಾದಾ ಆಗಿ.

ಆ ಜಾಗ ಯಾಕೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ? 'ಪಾಪ, ನಡೆಯೋಕಾಗಲ್ಲ, ಅದಕ್ಕೇ ಲಿಫ್ಟಿಗೆ ಹತ್ತಿರ ಕೊಟ್ಟಿದಾರೆ' ಅಂತಲೇ ನಾನೂ ತಿಳಿದಿದ್ದೆ. ಹತ್ತಿರ ಅನ್ನೋದು ಅರ್ಧ ಮಾತ್ರ. ಉಳಿದರ್ಧ ಅಗಲ. ಮಾಮೂಲಿ ಕಾರಿನ ಜಾಗ ಎರಡೂವರೆ ಮೀಟರ್ ಆಸುಪಾಸು. ಕೇಂದ್ರ ಸರ್ಕಾರ 2016ರಲ್ಲಿ ತಂದ ಮಾರ್ಗಸೂಚಿ ಪ್ರಕಾರ ಅಂಗವಿಕಲರಿಗೆ ಮೀಸಲಾದ ಜಾಗ ಕಡಿಮೆ ಅಂದರೂ 3.6 ಮೀಟರ್ ಅಗಲ ಇರಬೇಕು, ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು. ಟೀಚರ್ ಇಳಿಯೋದನ್ನ ಒಂದು ದಿನ ನಿಂತು ನೋಡಿದೆ. ಕಾರಿನ ಬಾಗಿಲು ಪೂರ್ತಿ ತೆಗೀಬೇಕು. ಪಕ್ಕದ ಸೀಟಿನಿಂದ ಮಡಿಸಿದ ಗಾಲಿಕುರ್ಚಿಯನ್ನ ತಮ್ಮ ಮೈಮೇಲೆ ಹಾಯಿಸಿ ಹೊರಗಿಳಿಸಬೇಕು, ಬಿಡಿಸಬೇಕು, ಸೀಟಿಗೆ ಒತ್ತಿ ನಿಲ್ಲಿಸಬೇಕು, ಕೈ ಊರಿ ಅದಕ್ಕೆ ದಾಟಿಕೊಳ್ಳಬೇಕು. ಅರ್ಧ ತೆಗೆದ ಬಾಗಿಲಿನಲ್ಲಿ ಇದ್ಯಾವುದೂ ಆಗಲ್ಲ.

"ಬೇರೆ ಕಡೆ ಹಾಕ್ಕೊಳ್ಳಬಹುದಲ್ಲ" ಅಂತೀರಾ? ಪಕ್ಕ ಖಾಲಿ ಇರೋ ಕಡೆ ಹಾಕಿ ಇಳೀಬಹುದು ಸರಿ. ಶಾಪಿಂಗ್ ಮುಗಿಸಿ ಬರೋ ಹೊತ್ತಿಗೆ ಯಾರೋ ಒತ್ತಿ ನಿಲ್ಲಿಸಿರ್ತಾರೆ. ಒಂದ್ಸಲ ಸಿನಿಮಾಗೆ ಬಂದವರ ಕಾರು ಹಾಗೆ ಪಕ್ಕಕ್ಕೆ ನಿಂತು, ಸಿನಿಮಾ ಮುಗಿಯೋವರೆಗೆ ಅವರು ತಮ್ಮ ಕಾರಿನ ಪಕ್ಕದಲ್ಲೇ ಕೂತಿದ್ದರಂತೆ. ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಬೇರೆ.

ಆ ನೀಲಿ ಜಾಗದ ಪಕ್ಕ ಹಳದಿ ಗೆರೆ ಎಳೆದ ಪಟ್ಟಿ ಇರುತ್ತಲ್ಲ, ಅದು ಬಾಗಿಲು ತೆಗೆಯೋಕೆ, ಕುರ್ಚಿ ತಿರುಗಿಸೋಕೆ. ನಮ್ಮ ಸ್ಕೂಟಿಗಳು ತೂರಿಕೊಳ್ಳೋದು ಅಲ್ಲಿಗೇ! 'ಕಾರಿನ ಜಾಗ ಬಿಟ್ಟೇ ಹಾಕಿದೀನಲ್ಲ' ಅನ್ನೋ ಸಮಾಧಾನ ಬೇರೆ. ಕೆಲವು ಕಡೆ ಜಾಗ ಕಾಯೋಕೆ ಅಂತ ಪ್ಲಾಸ್ಟಿಕ್ ಕೋನ್ ಇಟ್ಟಿರ್ತಾರೆ. ಒಳ್ಳೆ ಮನಸ್ಸೇ ಬಿಡಿ. ಆದರೆ ಒಬ್ಬರೇ ಕಾರು ಓಡಿಸಿಕೊಂಡು ಬಂದವರು ಆ ಕೋನ್ ತೆಗೆಯೋಕೆ ಇಳೀಬೇಕಲ್ಲ? ಇಳಿಯೋಕೆ ಆಗೋದಿದ್ದರೆ ಆ ಜಾಗ ಯಾಕೆ ಬೇಕಿತ್ತು? ಸೆಕ್ಯುರಿಟಿಯವರು ಕಂಡು ಓಡಿ ಬಂದರೆ ಸರಿ. ಇಲ್ಲದಿದ್ದರೆ ಹಾರ್ನ್ ಹೊಡೀಬೇಕು. ಹಿಂದಿನ ಕಾರಿನವರು ಇವರ ಮೇಲೇ ರೇಗ್ತಾರೆ.

ನಮ್ಮ ಅಪಾರ್ಟ್‌ಮೆಂಟಿನ ಕತೆಗೆ ಬರ್ತೀನಿ. ಕೆಳಗೆ ಅಗಲದ ಜಾಗ ಎರಡು ಇವೆ, ಒಂದು ಟೀಚರ್‌ಗೆ, ಇನ್ನೊಂದು ಅಂಥ ಅತಿಥಿಗಳಿಗೆ. ಟೀಚರ್ ಬೆಳಿಗ್ಗೆ ಎಂಟಕ್ಕೆ ಹೋದರೆ ಬರೋದು ನಾಲ್ಕಕ್ಕೆ. ಅಷ್ಟರಲ್ಲಿ ಯಾವುದೋ ಮನೆಯ ಎರಡನೇ ಕಾರು ಅಲ್ಲಿ. ಕಮಿಟಿಯಲ್ಲಿ ನಾನೂ ಇದ್ದೆ. ಲಿಫ್ಟಿನಲ್ಲಿ ಸುಳ್ಳು ಹೇಳಿದ್ದು ಚುಚ್ತಾ ಇತ್ತೋ ಏನೋ, ನಾನೇ ಮುಂದೆ ಬಿದ್ದು ಹೇಳಿದೆ, "ಫೈನ್ ಹಾಕೋಣ. ಒಂದ್ಸಲಕ್ಕೆ 500 ರೂಪಾಯಿ." ಚಪ್ಪಾಳೆ ಬಿತ್ತು. ಬೋರ್ಡು ಬಂತು.

ಆಮೇಲೆ ಆಗಿದ್ದೇ ಬೇರೆ. ಮೊದಲು ಟೀಚರ್ ಬಂದು ಹಾರ್ನ್ ಮಾಡಿದರೆ ನಾಚಿಕೆಯಿಂದ ಓಡಿ ಬಂದು ಕಾರು ತೆಗೀತಿದ್ದ ಒಬ್ಬರು, ಈಗ ನಿಧಾನವಾಗಿ ಬಂದು "ಫೈನ್ ಕಟ್ಟಿದೀನಲ್ಲ, ಇನ್ನೇನು?" ಅಂದರು. ಸೆಕ್ಯುರಿಟಿ ಹುಡುಗ ಹೆದರಿ ಹೆದರಿ ಚೀಟಿ ಬರೆಯೋದು ತಿಂಗಳಿಗೆ ಎರಡು ಸಲ. ಅಂದರೆ ಸಾವಿರ ರೂಪಾಯಿಗೆ ಲಿಫ್ಟ್ ಪಕ್ಕದಲ್ಲೇ ತಿಂಗಳ ಬಾಡಿಗೆ! ಹೊರಗೆ ಎಲ್ಲಿ ಸಿಗುತ್ತೆ ಇಷ್ಟು ಅಗ್ಗಕ್ಕೆ?

ಇದು ನಮ್ಮ ಕಟ್ಟಡದ್ದೇ ಕಾಯಿಲೆ ಏನಲ್ಲ. ಇಸ್ರೇಲಿನ ಹೈಫಾ ಊರಿನ ಹತ್ತು ಶಿಶುವಿಹಾರಗಳ ಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯ್ತು. ಸಂಜೆ ಮಗುವನ್ನ ಕರೆದೊಯ್ಯೋಕೆ ತಡವಾಗಿ ಬರೋ ಅಪ್ಪಅಮ್ಮಂದಿರಿಗೆ ಕೆಲವು ಶಿಶುವಿಹಾರಗಳಲ್ಲಿ ಸಣ್ಣ ದಂಡ ಹಾಕಿದರು. ತಡ ಮಾಡೋರು ಕಡಿಮೆ ಆಗಲಿಲ್ಲ, ಹತ್ತಿರ ಹತ್ತಿರ ಎರಡರಷ್ಟಾದರು. ಮುಂಚೆ 'ಪಾಪ, ಮಿಸ್ ಕಾಯ್ತಿರ್ತಾರೆ' ಅನ್ನೋ ಅಳುಕಿತ್ತು. ದಂಡ ಬಂದ ಮೇಲೆ 'ದುಡ್ಡು ಕೊಡ್ತೀನಲ್ಲ' ಆಯ್ತು. ಆಮೇಲೆ ದಂಡ ತೆಗೆದರೂ ಹಳೇ ಅಳುಕು ವಾಪಸ್ ಬರಲಿಲ್ಲವಂತೆ. ಪ್ಲೇಹೋಮ್ ಗೇಟಿನಲ್ಲಿ ಕಾದ ಅನುಭವ ಇರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಂಗಿ ಇಂಗ್ಲೆಂಡಿನಲ್ಲಿದಾಳೆ. ಅಲ್ಲೂ ಸೂಪರ್‌ಮಾರ್ಕೆಟ್‌ನಂಥ ಖಾಸಗಿ ಜಾಗದಲ್ಲಿ ಇದೇ ರಗಳೆಯಂತೆ. ರಸ್ತೆಯಲ್ಲಿ ತಪ್ಪಾಗಿ ನಿಲ್ಲಿಸಿದರೆ ನಗರಪಾಲಿಕೆಯ ದಂಡ ಬೀಳುತ್ತೆ, ಅದು ಕಾನೂನಿನ ದಂಡ. ಸೂಪರ್‌ಮಾರ್ಕೆಟ್ ಅಂಗಳದಲ್ಲಾದರೆ ಖಾಸಗಿ ಕಂಪನಿಯ ಚೀಟಿ. ನೋಡೋಕೆ ಎರಡೂ ಒಂದೇ ಥರ. ಎರಡನೆಯದು ನಿಜವಾಗಿ 'ನಮ್ಮ ಬೋರ್ಡಿನ ಷರತ್ತು ಒಪ್ಪಿ ಒಳಗೆ ಬಂದಿದ್ರಿ, ಮುರಿದಿರಿ, ದುಡ್ಡು ಕೊಡಿ' ಅನ್ನೋ ಬಿಲ್ಲು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸಿದವರೊಬ್ಬರ ಮೇಲೆ ಹಾಕಿದ 85 ಪೌಂಡಿನ ಬಿಲ್ಲು ಸರಿ ಅಂತು. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕೋದನ್ನ ಮಾತ್ರ 2012ರಲ್ಲೇ ನಿಲ್ಲಿಸಿದ್ದರು. ಅಂಗವಿಕಲರಿಗೆ 'ಬ್ಲೂ ಬ್ಯಾಡ್ಜ್' ಅಂತ ಕೊಡ್ತಾರೆ. ಅದು ಕಾರಿಗಲ್ಲ, ಆ ವ್ಯಕ್ತಿಗೆ. ಅಜ್ಜಿ ಮನೆಯಲ್ಲಿದ್ದಾಗ ಮೊಮ್ಮಗ ಅವರ ಬ್ಯಾಡ್ಜ್ ಇಟ್ಟು ಜಾಗ ಹಿಡಿದರೆ 1000 ಪೌಂಡ್‌ವರೆಗೆ ದಂಡ ಬೀಳಬಹುದು.

ನಮ್ಮಲ್ಲಿ? ಗಾಲಿಕುರ್ಚಿ ಸ್ಟಿಕ್ಕರ್ ಯಾರು ಬೇಕಾದರೂ ಕೊಂಡು ಗಾಜಿಗೆ ಅಂಟಿಸಬಹುದು. ಅಧಿಕೃತವಾಗಿರೋದು ಯುಡಿಐಡಿ ಕಾರ್ಡು, ಅದು ಪರ್ಸಿನಲ್ಲಿರುತ್ತೆ. ಇನ್ನು ಮಾಲ್‌ನವರಾಗಲಿ ನಮ್ಮ ಅಪಾರ್ಟ್‌ಮೆಂಟ್ ಸಂಘವಾಗಲಿ ಪೊಲೀಸರಲ್ಲ. ಸಂಘ ಹಾಕೋ ಫೈನಿಗೆ ಸದಸ್ಯರು ಒಪ್ಪಿದ ನಿಯಮವೇ ಆಧಾರ. ಹಾಗಾಗಿ ಚೀಟಿ ಬರೆಯೋ ಮುಂಚೆ ನಿಮ್ಮ ಬೈಲಾ ಒಂದ್ಸಲ ಓದಿ. ನಾವು ಓದಿರಲಿಲ್ಲ.

ಓದದೇ ಅವಸರ ಮಾಡಿದ್ದಕ್ಕೆ ಇನ್ನೊಂದು ಎಡವಟ್ಟಾಯ್ತು. ಇದನ್ನ ಬರೆಯೋಕೆ ಬೇಜಾರೇ. ಎರಡನೇ ಮಹಡಿಯ ಆಂಟಿಯ ಮಗಳು ತವರಿಗೆ ಬಂದು ಅತಿಥಿಗಳ ನೀಲಿ ಜಾಗದಲ್ಲಿ ಕಾರು ನಿಲ್ಲಿಸಿ ಲಿಫ್ಟಿಗೆ ನಡೆದು ಹೋದಳು. ಮೂವತ್ತೈದರ ಹುಡುಗಿ, ಚೂಡಿದಾರ್, ಕೈಯಲ್ಲಿ ಕೇಕಿನ ಡಬ್ಬಿ. ಯಾರೋ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು, 'ಚೆನ್ನಾಗೇ ನಡೀತಾರೆ, ನಾಚಿಕೆಯಾಗಲ್ವಾ?' ಕೆಳಗೆ ಹತ್ತೊಂಬತ್ತು ಹೆಬ್ಬೆಟ್ಟು. ಅದರಲ್ಲಿ ನನ್ನದೂ ಒಂದು. ಆ ಹುಡುಗಿ ಮಾತಾಡದೆ 500 ಕಟ್ಟಿ ಹೋದಳು. ವಾರದ ಮೇಲೆ ಆಂಟಿ ಹೇಳಿದರು, ಅವಳಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್. ನರಗಳ ಕಾಯಿಲೆ. ಬೆಳಿಗ್ಗೆ ನಡೆದ ಕಾಲು ಮಧ್ಯಾಹ್ನಕ್ಕೆ ಎತ್ತೋಕೇ ಬರದೆ ಇರಬಹುದು. ಬರೋವಾಗ ಚೆನ್ನಾಗಿದ್ದವಳನ್ನ ಹೋಗೋವಾಗ ಅಪ್ಪ ಹಿಡಿದುಕೊಂಡು ಕರೆದೊಯ್ದು ಕಾರಿಗೆ ಕೂರಿಸಿದರಂತೆ. ಆ ಫೋಟೋ ಮಾತ್ರ ಯಾರೂ ತೆಗೆದಿರಲಿಲ್ಲ.

1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು. 2016ರ ಕಾಯ್ದೆಯಲ್ಲಿ ಇಪ್ಪತ್ತೊಂದು ಇವೆ. ಈ ಕಾಯಿಲೆ, ಪಾರ್ಕಿನ್ಸನ್, ಹಿಮೋಫಿಲಿಯಾ ಎಲ್ಲಾ ಸೇರಿವೆ. ಗಾಲಿಕುರ್ಚಿ ಚಿತ್ರ ಒಂದು ಗುರುತು ಅಷ್ಟೇ, ಕುರ್ಚಿಯಲ್ಲೇ ಬಂದರೆ ಮಾತ್ರ ಬಿಡ್ತೀವಿ ಅಂತಲ್ಲ. ದುಡ್ಡು ವಾಪಸ್ ಕೊಟ್ವಿ. ಫೋಟೋ ವಾಪಸ್ ಕೊಡೋಕಾಗುತ್ತಾ? ಅವಳು ಆಮೇಲೆ ತುಂಬಾ ದಿನ ತವರಿಗೆ ಆಟೋದಲ್ಲೇ ಬಂದಳು.

ಹಾಗಾದ್ರೆ ಏನು ಮಾಡೋದು? ನಾವು ಫೈನ್ ತೆಗೆದ್ವಿ. ಅದರ ಬದಲು, ಯಾರದೇ ಕಾರು ಅಲ್ಲಿ ನಿಂತರೂ ಸೆಕ್ಯುರಿಟಿ ತಕ್ಷಣ ಇಂಟರ್‌ಕಾಮ್ ಮಾಡಿ "ಸಾರ್, ಇವತ್ತು ಈ ಜಾಗ ನಿಮಗೆ ಬೇಕಾ?" ಅಂತ ಕೇಳ್ತಾನೆ. ಬೇಕು ಅಂದರೆ ಮುಗೀತು, ಎರಡನೇ ಪ್ರಶ್ನೆ ಇಲ್ಲ. ಬೇಡ ಅಂದರೆ ಹತ್ತು ನಿಮಿಷದಲ್ಲಿ ಇಳಿದು ಬಂದು ತೆಗೀಬೇಕು, ಸ್ನಾನ ಮಾಡ್ತಿರಲಿ, ಧಾರಾವಾಹಿ ನೋಡ್ತಿರಲಿ. ಮೂರು ಸಲ ಲುಂಗಿಯಲ್ಲಿ ಕೆಳಗಿಳಿದವರು ನಾಲ್ಕನೇ ಸಲ ಅಲ್ಲಿ ನಿಲ್ಲಿಸಲ್ಲ. ಸೆಕ್ಯುರಿಟಿ ಹುಡುಗನನ್ನ ಯಾರಾದರೂ ಗದರಿದರೆ ಕಮಿಟಿಯವರು ಅವನ ಪಕ್ಕ ನಿಲ್ತೀವಿ ಅಂತ ಬರೆದುಕೊಟ್ವಿ. ಹನ್ನೆರಡು ಗಂಟೆ ಡ್ಯೂಟಿ ಮಾಡೋ ಹುಡುಗ, ಕೆಲಸ ಹೋದೀತು ಅನ್ನೋ ಭಯದಲ್ಲಿ ನಮ್ಮ ನಿಯಮ ಕಾಯಬೇಕು ಅನ್ನೋದು ಅನ್ಯಾಯ ಅಲ್ವಾ?

ಮಾಲ್‌ನಲ್ಲೂ ಅಷ್ಟೇ. ನಿಲ್ಲಿಸಿದವರ ಜತೆ ಜಗಳಕ್ಕೆ ಹೋಗಬೇಡಿ, ಫೋಟೋ ಹಾಕಿ ಮಾನ ಕಳೀಬೇಡಿ. ಅವರ ಕಷ್ಟ ನಿಮಗೆ ಗೊತ್ತಿಲ್ಲ. ಕೌಂಟರಿಗೆ ಹೋಗಿ, ಗಾಡಿ ನಂಬರ್ ಕೊಟ್ಟು ಮೈಕಿನಲ್ಲಿ ಕರೆಸಿ ಅನ್ನಿ, ಕರೆಯೋವರೆಗೆ ಅಲ್ಲೇ ನಿಲ್ಲಿ. ಮಾಲ್‌ನವರೇ ಆ ಜಾಗದಲ್ಲಿ ಹೂಕುಂಡ, ಹಳೇ ಟ್ರಾಲಿ ತುಂಬಿದ್ದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೊಡಿ. ಕೇಳದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. 2016ರ ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ ಐದು ಲಕ್ಷದವರೆಗೆ ದಂಡ ಇದೆ. ಮತ್ತೆ ಮನೆಯವರು ಸ್ಟೀರಿಂಗ್ ಹಿಡಿದಾಗ ಪಕ್ಕದಲ್ಲಿ ಕೂತು 'ಹಾಕ್ರೀ, ಎರಡೇ ನಿಮಿಷ' ಅನ್ನೋರು ಹೆಚ್ಚಾಗಿ ನಾವೇ. ಅದೊಂದು ಮಾತು ನುಂಗಿಕೊಂಡರೆ ಅರ್ಧ ಜಾಗ ಖಾಲಿಯಾಗುತ್ತೆ.

ಟೀಚರ್ ಇದನ್ನೆಲ್ಲಾ ಪೂರ್ತಿ ಒಪ್ಪಲ್ಲ. "ನೀವು 500 ಹಾಕಿದ್ರಿ, ಅದಕ್ಕೇ ಬಾಡಿಗೆ ಆಯ್ತು. ಐದು ಸಾವಿರ ಹಾಕಿ ನೋಡಿ. ಒಬ್ಬೊಬ್ಬರ ಮನಸ್ಸು ತಿದ್ದೋವರೆಗೆ ಕಾಯೋಕೆ ನನಗೆಲ್ಲಿ ಟೈಮಿದೆ ರೀ, ಎಂಟೂವರೆಗೆ ಪ್ರೇಯರ್" ಅಂತಾರೆ. ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಕಾಯೋದು ಅವರು, ನಾನಲ್ಲ.

ಈ ಲೇಖನ ಬರೆಯೋಕೆ ಕೂತಾಗ, ಪೇಪರಿನಲ್ಲಿ ಓದಿ ತಿಳಿಯೋದಕ್ಕಿಂತ ನಾನೇ ಹೇಳಿಬಿಡೋಣ ಅಂತ ಅವರ ಮನೆಗೆ ಹೋದೆ. ಅವತ್ತು ನಮ್ಮತ್ತೆಗೆ ಏನೂ ಆಗಿರಲಿಲ್ಲ, ಅವರು ನಮ್ಮ ಜತೆ ಮಾಲ್‌ಗೇ ಬಂದಿರಲಿಲ್ಲ ಅಂದೆ. ಟೀಚರ್ ಕಾಫಿ ಲೋಟ ಮುಂದಕ್ಕೆ ತಳ್ಳಿದರು.

"ಗೊತ್ತಿತ್ತು ರೀ. ಲಿಫ್ಟಿನಲ್ಲಿ ನೀವು ಸಿಕ್ಕಿದ ದಿನ ಸಂಜೆನೇ ಪಾರ್ಕಿನ ಗೇಟಿನಲ್ಲಿ ನಿಮ್ಮತ್ತೆ ಸಿಕ್ಕಿದ್ರು. ಒಂದು ಫರ್ಲಾಂಗ್ ನನ್ನ ವೀಲ್‌ಚೇರ್ ತಳ್ಳಿಕೊಂಡು ಬಂದ್ರು."