ಚರ್ಮದ ಹೊಲಿಗೆಯೂ ಹೆಣ್ಣುಮಕ್ಕಳ ವಿದ್ಯೆಯೇ

ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಬೇಕೆಂಬ ವಿಷಯದಲ್ಲಿ ನಮ್ಮ ಶಾಲೆಯ ಪೋಷಕರೊಳಗೆ ಎಂದೂ ಭಿನ್ನಾಭಿಪ್ರಾಯ ಹುಟ್ಟಿದ್ದಿಲ್ಲ. ಕಸೂತಿ, ಕ್ರೋಶ, ರವಿಕೆಯ ಕತ್ತರಿಕೆ, ಎಳೆಯ ಮಕ್ಕಳ ಅಂಗಿ ಮೊದಲಾದವುಗಳನ್ನು ನಮ್ಮ ಹೊಲಿಗೆ ಕೋಣೆಯಲ್ಲಿ ಕಲಿತು ಹೋದ ಎಷ್ಟೋ ಮಂದಿ ಈ ಸಂಚಿಕೆಯ ವಾಚಕರಲ್ಲಿಯೇ ಇದ್ದಾರೆ. ಆದರೆ ಅದೇ ಕೋಣೆಯಲ್ಲಿ ಚರ್ಮ ಹೊಲಿಯುವ ಭಾರಿ ಯಂತ್ರವೊಂದನ್ನು ಇಡಬೇಕೆಂಬ ಮಾತು ಬಂದೊಡನೆ ಕೆಲವು ತಾಯಂದಿರು ಹುಬ್ಬು ಗಂಟಿಕ್ಕಿದರು. "ಅಮ್ಮನವರೇ, ಇದು ನಮ್ಮ ಮಕ್ಕಳು ಮಾಡತಕ್ಕ ಕೆಲಸವೇ?" ಎಂದು ಒಬ್ಬಿಬ್ಬರು ನೇರವಾಗಿಯೇ ಕೇಳಿದರು. ನೇರವಾಗಿ ಕೇಳಿದವರಿಗೆ ನಾವು ಕೃತಜ್ಞರು. ಅವರಿಗೆ ಉತ್ತರವನ್ನೂ ನೇರವಾಗಿಯೇ ಕೊಡುತ್ತೇವೆ.

ಮಾಡತಕ್ಕ ಕೆಲಸವೇ ಹೌದು. ಈ ಪ್ರಶ್ನೆಯನ್ನು ಕೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮ ಬೆಂಚುಗಳ ಮೇಲೆ ಕುಳಿತಿರುವ ಹುಡುಗಿಯರಲ್ಲಿ ಕೆಲವರ ತಂದೆತಾಯಿಗಳು ಚರ್ಮದ ಕೆಲಸದಿಂದಲೇ ಸಂಸಾರ ಸಾಗಿಸಿ ಮಕ್ಕಳ ಫೀಜು ಕಟ್ಟುತ್ತಾರೆ. "ನಮ್ಮ ಮಕ್ಕಳು" ಎಂಬ ಮಾತಿನಲ್ಲಿ ಆ ಹುಡುಗಿಯರು ಸೇರುವುದಿಲ್ಲವೇ? ಶಾಲೆಯ ಅಂಗಳದಲ್ಲಿ ಆಡಿದ ಇಂಥ ಮಾತು ಅವರ ಕಿವಿಗೆ ಬೀಳದೆ ಇರುವುದಿಲ್ಲ. ಅಸ್ಪೃಶ್ಯತೆಯನ್ನು ನಮ್ಮ ರಾಜ್ಯಾಂಗವು 1950ರಿಂದ ತನ್ನ 17ನೆಯ ವಿಧಿಯ ಮೂಲಕ ನಿಷೇಧಿಸಿದೆ; ಆದರೆ ಮನುಷ್ಯನನ್ನು ಮುಟ್ಟಲು ಒಪ್ಪಿದವರು ಅವನ ಕಸುಬನ್ನು ಮುಟ್ಟಲು ಇನ್ನೂ ಒಪ್ಪಿಲ್ಲವೆಂದು ಕಾಣುತ್ತದೆ. ಅಂಗಡಿಯ ಚರ್ಮದ ಕೈಚೀಲವನ್ನು ಭುಜಕ್ಕೆ ಹಾಕಿಕೊಳ್ಳುವುದಕ್ಕೆ ಯಾರಿಗೂ ಸಂಕೋಚವಿಲ್ಲವಷ್ಟೇ.

ಅಪೊಸ್ತಲನಾದ ಪೇತ್ರನು ಯೊಪ್ಪದಲ್ಲಿ ಇಳಿದುಕೊಂಡದ್ದು ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಅವನ ಹೆಂಡತಿಯೂ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಕನ್ನಡನಾಡಿನಲ್ಲಿ ಕೇಳದವರಿಲ್ಲ. 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ ವಿಲಿಯಂ ಕೇರಿಯವರು, ಇಂಗ್ಲೆಂಡಿನಲ್ಲಿ ಹುಡುಗರಾಗಿದ್ದಾಗ ಜೋಡು ಹೊಲಿಯುವ ಕಸುಬನ್ನು ಕಲಿತವರು. ಇಷ್ಟಕ್ಕೆ ನಿಲ್ಲಿಸುತ್ತೇವೆ, ದೊಡ್ಡವರ ಹೆಸರು ಹೇಳಿ ಕಸುಬಿಗೆ ಗೌರವ ತರಬೇಕಾಗಿ ಬಂದದ್ದೇ ಬೇಸರದ ಸಂಗತಿ.

ಹೊಲಿಗೆ ಯಂತ್ರದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವುಂಟು. ಇಂಗ್ಲೆಂಡಿನ ತಾಮಸ್ ಸೇಂಟ್ ಎಂಬ ಬಡಗಿಯು 1790ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟು ಪಡೆದನು. ಹೊಲಿಗೆ ಯಂತ್ರಗಳಲ್ಲಿ ಬಹು ಹಳೆಯದೆಂದು ಎಣಿಸಲ್ಪಡುವ ಆ ಯಂತ್ರವು ಚರ್ಮವನ್ನೂ ಕ್ಯಾನ್ವಾಸನ್ನೂ ಹೊಲಿಯುವುದಕ್ಕಾಗಿ ಯೋಚಿಸಲ್ಪಟ್ಟದ್ದು. ಇಲಿಯಾಸ್ ಹೌ, ಐಸಾಕ್ ಸಿಂಗರ್ ಇವರ ಪೇಟೆಂಟುಗಳು 1846ರಲ್ಲಿಯೂ 1851ರಲ್ಲಿಯೂ ಬಂದವು. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದಿಂದ ಮರ್ಯಾದೆಯ ಸ್ಥಾನದಲ್ಲಿ ಕುಳಿತಿರುವ ಬಟ್ಟೆಯ ಯಂತ್ರಕ್ಕೆ ಹಿರಿಯಕ್ಕನಾಗಿ ಚರ್ಮದ ಯಂತ್ರವೇ ಹುಟ್ಟಿತ್ತು.

ಹೊಟ್ಟೆಪಾಡಿನ ಮಾತನ್ನೂ ಹೇಳಬೇಕು. ತಮಿಳುನಾಡಿನ ಆಂಬೂರು ಕಡೆಯ ಪಾದರಕ್ಷೆಯ ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ಸಾಲುಸಾಲಾಗಿ ಕುಳಿತು ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಅಥಣಿ, ನಿಪ್ಪಾಣಿಗಳ ಮನೆಗಳಲ್ಲಿ ಕೊಲ್ಹಾಪುರಿ ಚಪ್ಪಲಿಯ ಹೆಣಿಗೆಯನ್ನು ಮಾಡುವ ಕೈಗಳೂ ಹೆಂಗಸರವೇ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಅದು ಕೈಹೊಲಿಗೆಯ ವಿದ್ಯೆ, ಯಂತ್ರವನ್ನು ಬೇಡುವುದಿಲ್ಲ. ಆದರೆ ಚೀಲ, ಪರ್ಸು, ಶಾಲೆಯ ಬ್ಯಾಗು, ನಡುಪಟ್ಟಿ ಇವುಗಳನ್ನು ಹೊಲಿದು ಮಾರುವ ಹೆಂಗಸಿಗೆ ಯಂತ್ರವಿಲ್ಲದೆ ಸಾಗದು. ರವಿಕೆ ಹೊಲಿಯುವವರು ಬೀದಿಗೆ ಹತ್ತು ಮಂದಿ ಇದ್ದಾರೆ. ಹರಿದ ಬ್ಯಾಗನ್ನು ಅಚ್ಚುಕಟ್ಟಾಗಿ ಹೊಲಿದು ಕೊಡುವವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು.

ಇನ್ನು ಕಲಿಯುವ ಬಗೆ. ಬಟ್ಟೆಯ ಹೊಲಿಗೆ ಬಲ್ಲ ಹುಡುಗಿಗೆ ಇದು ಸುಲಭವೆಂದು ಎಣಿಸುವವರುಂಟು. ಅರ್ಧ ಮಾತ್ರ ನಿಜ. ಬಟ್ಟೆಯ ಸೂಜಿಯು ನೂಲಿನ ಎಳೆಗಳನ್ನು ಸರಿಸಿಕೊಂಡು ಇಳಿಯುತ್ತದೆ; ತಪ್ಪಾದರೆ ಬಿಚ್ಚಿ ಪುನಃ ಹೊಲಿಯಬಹುದು. ಚರ್ಮದ ಸೂಜಿಯ ತುದಿಯಾದರೋ ಸಣ್ಣ ಅಲಗು. ಅದು ಕೊಯ್ದುಕೊಂಡು ಇಳಿಯುತ್ತದೆ. ಆದ ತೂತು ಮುಚ್ಚುವುದಿಲ್ಲ. ಆದಕಾರಣ ಗುಂಡುಸೂಜಿ ಚುಚ್ಚಿ ಅಂಚುಗಳನ್ನು ಜೋಡಿಸುವ ರೂಢಿಯನ್ನು ಬಿಟ್ಟು, ಅಂಟಿನಿಂದಾಗಲಿ ಕ್ಲಿಪ್ಪುಗಳಿಂದಾಗಲಿ ಹಿಡಿಸಬೇಕು. ಹೊಲಿಗೆಯು ಒತ್ತಾಗಿದ್ದಷ್ಟು ಗಟ್ಟಿಯೆಂಬ ಬಟ್ಟೆಯ ನಿಯಮವೂ ಇಲ್ಲಿ ತಲೆಕೆಳಗಾಗುತ್ತದೆ. ತೂತುಗಳು ಒತ್ತಾದರೆ ಚರ್ಮವು ಅಂಚೆಚೀಟಿಯ ಹಾಳೆಯಂತೆ ಹರಿಯುತ್ತದೆ. ಚೀಲಕ್ಕೆ 3ರಿಂದ 4 ಮಿಲಿಮೀಟರಿನ ಹೆಜ್ಜೆ ಸಾಕು.

ಯಂತ್ರದ ನಡೆಯೂ ಬೇರೆ. ಮನೆಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಮಾತ್ರ ಬಟ್ಟೆಯನ್ನು ಎಳೆಯುತ್ತವೆ. ಚರ್ಮವನ್ನಿಟ್ಟರೆ ಮೇಲಿನ ಪದರವು ಪಾದಕ್ಕೆ ಅಂಟಿ ಹಿಂದುಳಿಯುತ್ತದೆ. ಭಾರಿ ಯಂತ್ರದಲ್ಲಿಯಾದರೋ ಸೂಜಿಯು ಚರ್ಮದೊಳಗೆ ಇರುವಾಗಲೇ ಸೂಜಿ, ಒಳಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹಿಂದಕ್ಕೆ ಸರಿದು ಪದರಗಳನ್ನೆಲ್ಲ ಜೊತೆಯಾಗಿ ಒಯ್ಯುತ್ತವೆ; ಆ ಬಳಿಕ ಒಳಪಾದವು ಎದ್ದು ಮುಂದಕ್ಕೆ ಬರುವ ವರೆಗೆ ಹೊರಪಾದವು ಚರ್ಮವನ್ನು ಅದುಮಿ ಹಿಡಿದಿರುತ್ತದೆ. ಇದನ್ನು ಹುಡುಗಿಯು ಕೈಚಕ್ರವನ್ನು ನಿಧಾನವಾಗಿ ತನ್ನ ಕಡೆಗೆ ತಿರುಗಿಸುತ್ತ ಕಣ್ಣಾರೆ ನೋಡಬೇಕು. ಮೊದಲನೆಯ ದಿನ ಇಷ್ಟೇ ಪಾಠ. ಮೋಟಾರನ್ನು ಮುಟ್ಟತಕ್ಕದ್ದಲ್ಲ.

ಮುಂದಿನ ಪಾಠದಲ್ಲಿ ದಾರವಿಲ್ಲದ ಸೂಜಿಯಿಂದ ದಪ್ಪ ಕಾಗದದ ಮೇಲೆ ಎಳೆದ ಗೆರೆಗಳನ್ನು ಹೊಲಿಯುವುದು. ನೆಟ್ಟಗಿನ ಗೆರೆ ಸಾಧಿಸಿದ ಮೇಲೆ ವಕ್ರರೇಖೆ, ಆಮೇಲೆ ಮೂಲೆ. ಮೂಲೆಯಲ್ಲಿ ಸೂಜಿಯು ಪೂರ್ತಿಯಾಗಿ ಇಳಿದು, ಮತ್ತೆ ತುಸು ಮೇಲೇಳಲು ಆರಂಭಿಸಿದಾಗ ನಿಲ್ಲಿಸಿ ಚರ್ಮವನ್ನು ತಿರುಗಿಸಬೇಕು. ಆ ಕ್ಷಣಕ್ಕೆ ಕೆಳಗಿನ ಕೊಕ್ಕೆಯು ದಾರದ ಕುಣಿಕೆಯನ್ನು ಹಿಡಿದುಕೊಂಡಿರುತ್ತದೆ. ಅದಕ್ಕೆ ಮೊದಲೇ ತಿರುಗಿಸಿದರೆ ಒಂದು ಹೊಲಿಗೆ ತಪ್ಪುತ್ತದೆ.

ಸೂಜಿಯ ವಿಷಯದಲ್ಲಿ ಬಟ್ಟೆಯವರು ಎಡವುವುದು ಸಾಮಾನ್ಯ. ಮನೆಯ ಯಂತ್ರದ ಸೂಜಿಯ ಬುಡವು ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿರುವುದರಿಂದ ಅದನ್ನು ತಪ್ಪಾಗಿ ಕೂರಿಸುವುದು ಕಷ್ಟ. ಭಾರಿ ಯಂತ್ರದ ಸೂಜಿಯ ಬುಡವು ದುಂಡು. ಹೇಗೆ ತಿರುಗಿಸಿದರೂ ಕುಳಿತುಕೊಳ್ಳುತ್ತದೆ. ಅದರ ಉದ್ದದ ಗೀರು ದಾರವು ಕಣ್ಣಿನೊಳಗೆ ಹೋಗುವ ಕಡೆಗೇ ಇರಬೇಕು. ಬಟ್ಟೆಗೆ 14 ಅಥವಾ 16ನೆಯ ನಂಬರಿನ ಸೂಜಿ ಸಾಕಾದರೆ ದಪ್ಪ ಚರ್ಮಕ್ಕೆ 18ರಿಂದ 24ರ ವರೆಗೆ ಬೇಕಾಗುತ್ತದೆ. ದಾರ ದಪ್ಪವಾದಂತೆ ಸೂಜಿಯ ನಂಬರೂ ಏರಬೇಕು. ಕೆಳಮೈಯಲ್ಲಿ ದಾರವು ಸಿಕ್ಕುಸಿಕ್ಕಾಗಿ ಕಂಡಾಗ ಹೊಸಬಳು ಬಾಬಿನ್ನನ್ನು ದೂಷಿಸುತ್ತಾಳೆ. ಸಾಧಾರಣವಾಗಿ ದೋಷವಿರುವುದು ಮೇಲಿನ ದಾರದಲ್ಲಿ. ಬಿಗಿ ಕೊಡುವ ಬಿಲ್ಲೆಗಳ ನಡುವೆ ಅದು ಸರಿಯಾಗಿ ಕೂತಿರುವುದಿಲ್ಲ.

ಅಪಾಯವಿಲ್ಲವೇ ಎಂದು ತಂದೆಯವರು ಕೇಳಿಯಾರು. ಇದೆ. ಬಗೆಬಗೆಯ ಚರ್ಮವನ್ನು ತೂರಿ ಹೋಗುವ ಸೂಜಿಗೆ ಬೆರಳು ಲೆಕ್ಕವಲ್ಲ. ಜಡೆಯನ್ನು ಮೇಲಕ್ಕೆ ಕಟ್ಟಿ, ದುಪಟ್ಟವನ್ನು ತೆಗೆದಿಟ್ಟು ಕುಳಿತುಕೊಳ್ಳಬೇಕು. ಸೀರೆಯುಟ್ಟ ಶಿಕ್ಷಕಿಯರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಸೂಜಿಗೆ ದಾರ ಪೋಣಿಸುವಾಗ ಸ್ವಿಚ್ಚು ಆರಿರಲೇ ಬೇಕು. ಮೋಟಾರಿನ ಆಯ್ಕೆಯೂ ಮುಖ್ಯ. ಹಳೆಯ ಕ್ಲಚ್ ಮೋಟಾರು ಸ್ವಿಚ್ಚು ಹಾಕಿದಂದಿನಿಂದ ಸುತ್ತುತ್ತಲೇ ಇದ್ದು, ಕಾಲು ತಾಗಿದೊಡನೆ ಯಂತ್ರವನ್ನು ಓಡಿಸಿಬಿಡುತ್ತದೆ. ಸರ್ವೋ ಮೋಟಾರು ತುಳಿದಾಗ ಮಾತ್ರ ತಿರುಗುತ್ತದೆ. ಅದರ ವೇಗಕ್ಕೆ ಮಿತಿಯನ್ನೂ ಇಡಬಹುದು. ಶಾಲೆಗೆ ಇದೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ, ಬೆಲೆ ಹೆಚ್ಚಾದರೂ ಸರಿಯೇ. ಮನೆಬಳಕೆಯ ಸಣ್ಣ ಯಂತ್ರಕ್ಕೆ ಭಾರಿ ಕೆಲಸದ್ದೆಂದು ಹೆಸರಿಟ್ಟು ಮಾರುವ ಜಾಹೀರಾತುಗಳನ್ನು ಪೋಷಕರು ನಂಬದಿರಲಿ. ತೆಳುವಾದ ಚರ್ಮವನ್ನು ಅದು ಹೊಲಿದೀತು. ಚೀಲದ ಹಿಡಿಯ ನಾಲ್ಕು ಪದರಗಳು ಬಂದಾಗ ಅದರ ಬಂಡವಾಳ ಬಯಲಾಗುತ್ತದೆ.

ಪೋಷಕರೊಡನೆ ನಮಗೆ ಇನ್ನೊಂದು ಜಗಳವಿದೆ. ಪ್ರತಿವರ್ಷದ ಕೈಗೆಲಸದ ಪ್ರದರ್ಶನಕ್ಕೆ ಮಗಳ ಹೆಸರಿನ ಚೀಟಿ ಅಂಟಿಸಿದ ಒಂದು ಸಾಮಾನು ಇರಲೇಬೇಕೆಂಬ ಆತುರ ಎಲ್ಲರಿಗೂ. ಹಾಗೆ ಆದರೆ ಶಿಕ್ಷಕಿಯೇ ರಾತ್ರಿ ಕುಳಿತು ಪರ್ಸನ್ನು ಹೊಲಿದು ಮುಗಿಸಬೇಕಾಗುತ್ತದೆ. ಅದನ್ನು ಮೆಚ್ಚಿ ಎಲ್ಲರೂ ಮನೆಗೆ ಹೋಗುತ್ತಾರೆ. ಚರ್ಮದ ಯಂತ್ರದ ಮುಂದೆ ಕುಳಿತ ಹುಡುಗಿಗೆ ಮೊದಲಿನ ಕೆಲವು ತಿಂಗಳು ತೋರಿಸಲು ಏನೂ ಇರುವುದಿಲ್ಲ. ವಕ್ರವಾದ ಹೊಲಿಗೆಗಳ ತುಂಡುಗಳು, ಎರಡು ಮುರಿದ ಸೂಜಿಗಳು, ಎಣ್ಣೆ ಹತ್ತಿದ ಬೆರಳುಗಳು, ಇಷ್ಟೇ. ಆ ತುಂಡುಗಳನ್ನೇ ತಾರೀಖು ಬರೆದು ಒಂದು ದಾರದಲ್ಲಿ ಪೋಣಿಸಿ ಪ್ರದರ್ಶನದಲ್ಲಿ ತೂಗುಹಾಕಬೇಕೆಂದು ನಮ್ಮ ಇಷ್ಟ. ಜೂನಿನ ತುಂಡನ್ನೂ ನವಂಬರದ ತುಂಡನ್ನೂ ಪಕ್ಕಪಕ್ಕದಲ್ಲಿ ನೋಡಬಲ್ಲ ತಾಯಿಗೆ ಬೇರೆ ಸಾಕ್ಷಿ ಬೇಡ.

ಅಭ್ಯಾಸಕ್ಕೆ ಹೊಸ ಚರ್ಮವನ್ನು ಕೊಳ್ಳುವಷ್ಟು ಹಣ ನಮ್ಮಲ್ಲಿ ಇಲ್ಲ. ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗಳಲ್ಲಿ ಬಿದ್ದಿರುವ ಹಳೆಯ ಕೈಚೀಲ, ನಡುಪಟ್ಟಿ, ಕುರ್ಚಿಯ ಚರ್ಮದ ಹೊದಿಕೆ ಇವುಗಳನ್ನು ಎಸೆಯದೆ ಶಾಲೆಗೆ ಕಳುಹಿಸಿಕೊಡಬೇಕಾಗಿ ಬೇಡುತ್ತೇವೆ. ಅಂಗೈಯಷ್ಟು ಅಗಲದ ತುಂಡಾದರೂ ಉಪಯೋಗಕ್ಕೆ ಬರುತ್ತದೆ. ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿಸಿ ಕಳುಹಿಸಿರಿ. ರೆಕ್ಸಿನ್ ಬೇಡ, ಅದು ಈಗಾಗಲೇ ನಮ್ಮಲ್ಲಿ ಒಂದು ಕಪಾಟು ತುಂಬ ಇದೆ.