ಪ್ರೀಮಿಯಂ ಪೆಟ್ರೋಲ್: ಲಾಭವೋ, ಬರಿಯ ವೆಚ್ಚವೋ?

ಸಾಗಣೆ ವೆಚ್ಚದ ಪ್ರತಿ ರೂಪಾಯಿಗೂ ಲೆಕ್ಕವಿಡುವ ವರ್ತಕರು ಪೆಟ್ರೋಲ್ ಬಂಕಿನಲ್ಲಿ ಆ ಎಚ್ಚರವನ್ನು ಮರೆಯುವುದುಂಟು. ಬೆಲೆ ಹೆಚ್ಚಿದ್ದರೆ ಮೈಲೇಜೂ ಹೆಚ್ಚೆಂಬ ನಂಬಿಕೆಯೇ ಇದಕ್ಕೆ ಕಾರಣ.

ಆಕ್ಟೇನ್ ಸಂಖ್ಯೆಯು ಇಂಧನದ ಶಕ್ತಿಯ ಅಳತೆಯಲ್ಲ. ಎಂಜಿನ್ನಿನ ಒತ್ತಡದಲ್ಲಿ ಅಕಾಲಿಕವಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ. ಅಧಿಕ ಒತ್ತಡದ ಕೆಲವು ಎಂಜಿನ್ನುಗಳಿಗೆ ಈ ಗುಣ ಅವಶ್ಯಕ. ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ವಾಹನಕ್ಕೆ ಅದರಿಂದ ವಿಶೇಷ ಪ್ರಯೋಜನವಿಲ್ಲ. ಎಂಜಿನ್ ಶುಚಿಯಾಗಿಡುವ ರಾಸಾಯನಿಕಗಳು ಉಪಯುಕ್ತವೆಂಬುದು ನಿಜ. ಆದರೆ ಸಾಮಾನ್ಯ ಪೆಟ್ರೋಲ್ ಕೀಳೆಂದು ಭಾವಿಸಬೇಕಿಲ್ಲ. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಗಂಧಕದ ಮಿತಿ ಎರಡಕ್ಕೂ ಒಂದೇ: ಹತ್ತು ಲಕ್ಷಕ್ಕೆ 10 ಭಾಗ.

ಇನ್ನು ತೆರಿಗೆ. 2021ರ ಕೇಂದ್ರ ಬಜೆಟ್ ಮೂಲ ಅಬಕಾರಿ ಸುಂಕವನ್ನು ಸಾಮಾನ್ಯ ಪೆಟ್ರೋಲಿಗೆ ಲೀಟರಿಗೆ 1.40 ರೂ., ಬ್ರಾಂಡೆಡ್ ಪೆಟ್ರೋಲಿಗೆ 2.60 ರೂ. ಎಂದು ನಿಗದಿಪಡಿಸಿತು. ಪೆಟ್ರೋಲ್ ಜಿ.ಎಸ್.ಟಿ. ವ್ಯಾಪ್ತಿಯಲ್ಲಿಲ್ಲದ ಕಾರಣ, ತೆತ್ತ ತೆರಿಗೆ ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ ವರ್ತಕರಿಗೆ ಮರಳುವುದಿಲ್ಲ.

ಲೀಟರಿಗೆ 7 ರೂ. ಅಧಿಕವೆಂದು ಭಾವಿಸೋಣ. ದಿನಕ್ಕೆ 5 ಲೀಟರ್ ಬಳಸುವ ಸರಕು ವಾಹನವೊಂದಕ್ಕೆ 300 ದಿನಗಳಲ್ಲಿ ತಗಲುವ ಹೆಚ್ಚುವರಿ ವೆಚ್ಚ 10,500 ರೂ. ಸಾಮಾನ್ಯ ಪೆಟ್ರೋಲಿನ ದರ ನೂರು ರೂಪಾಯಿಯಾದರೆ, ಈ ಹಣ ಹುಟ್ಟಲು ಮೈಲೇಜ್ ಶೇ. 7ರಷ್ಟು ಏರಬೇಕು.

ತಯಾರಕರ ಕೈಪಿಡಿ ಅಧಿಕ ಆಕ್ಟೇನ್ ವಿಧಿಸಿದ್ದರೆ ಪ್ರೀಮಿಯಂ ಕೊಳ್ಳುವುದೇ ಸರಿ. ಇಲ್ಲವಾದರೆ ಒಂದೇ ವಾಹನವನ್ನು ಒಂದೇ ಮಾರ್ಗದಲ್ಲಿ ಎರಡೂ ಇಂಧನಗಳಿಂದ ತಲಾ ಒಂದು ತಿಂಗಳು ಓಡಿಸಿ, ಅಂಕಿಗಳನ್ನು ವಹಿಯಲ್ಲಿ ಬರೆದಿಡುವುದು ಲೇಸು. ಜಾಹೀರಾತಿಗಿಂತ ಸ್ವಂತ ವಹಿಯೇ ವರ್ತಕರಿಗೆ ನಂಬಿಕಸ್ಥ ಸಲಹೆಗಾರ.