ಪಾಸ್‌ಬುಕ್ ಬಂದ ಮಾತ್ರಕ್ಕೆ ಬಡತನ ಹೋಯಿತೇ?

ಒಂದು ಮನೆ ಇದೆ ಅಂದುಕೊಳ್ಳಿ. ಮಣ್ಣಿನ ನೆಲ, ಕಟ್ಟಿಗೆ ಒಲೆ. ಶೌಚಾಲಯ ಇಲ್ಲ, ಕರೆಂಟ್ ಇಲ್ಲ. ಕುಡಿಯುವ ನೀರು ತರಲು ಹೋಗಿ ಬರುವುದಕ್ಕೆ ಅರ್ಧ ಗಂಟೆ ಮೀರುತ್ತದೆ. ಟಿವಿ, ಸೈಕಲ್, ಬೈಕ್ ಯಾವುದೂ ಇಲ್ಲ. ಮನೆಯಲ್ಲಿ ಒಬ್ಬರು ಆರನೇ ಕ್ಲಾಸ್ ಮುಗಿಸಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಯಾರಿಗೂ ಆರೋಗ್ಯದ ತೊಂದರೆ ಇಲ್ಲ. ಜೊತೆಗೆ ಒಂದು ಜನಧನ್ ಪಾಸ್‌ಬುಕ್ ಇದೆ. ಬ್ಯಾಲೆನ್ಸ್ ಸೊನ್ನೆ.

ಈ ಮನೆಯವರು ಬಡವರೇ? ನೀತಿ ಆಯೋಗದ ಲೆಕ್ಕದಲ್ಲಿ ಅಲ್ಲ.

ಆ ಲೆಕ್ಕದ ಹೆಸರು ಬಹುಆಯಾಮದ ಬಡತನ ಸೂಚ್ಯಂಕ. ಅದರಲ್ಲಿ 12 ಅಂಶಗಳಿವೆ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಈ ಮೂರಕ್ಕೂ ಸಮಪಾಲು. ಜೀವನಮಟ್ಟದ ಪಾಲಿನಲ್ಲಿ ಏಳು ಅಂಶ: ಒಲೆ, ಶೌಚಾಲಯ, ನೀರು, ಕರೆಂಟ್, ಮನೆ, ಸಾಮಾನು, ಬ್ಯಾಂಕ್ ಖಾತೆ. ಒಟ್ಟು ಕೊರತೆ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡಮನೆ. ಈ ಏಳೂ ಇಲ್ಲದಿದ್ದರೆ ಸರಿಯಾಗಿ ಮೂರನೇ ಒಂದು ಭಾಗ. ಒಂದು ಪಾಸ್‌ಬುಕ್ ಬಂತೋ, ಏಳು ಹೋಗಿ ಆರಾಯಿತು. ಮನೆ ಲೆಕ್ಕದಿಂದ ಹೊರಗೆ!

ಇಂಥ ಮನೆ ಅಪರೂಪವೇ ಇರಬಹುದು. ಆದರೆ ತಕ್ಕಡಿ ಎಂಥದ್ದು ಅಂತ ಗೊತ್ತಾಗಲು ಒಂದು ತೂಕ ಸಾಕು.

24.82 ಕೋಟಿ ಜನ ಒಂಬತ್ತು ವರ್ಷದಲ್ಲಿ ಬಡತನದಿಂದ ಹೊರಬಂದರು ಅಂತ 2024ರ ಜನವರಿಯಲ್ಲಿ ಹೇಳಿದ್ದು ಇದೇ ತಕ್ಕಡಿ ಹಿಡಿದು. ಅದರಲ್ಲಿ 2022-23ರ ಅಂಕಿ ಮನೆಮನೆಗೆ ಹೋಗಿ ಕೇಳಿದ್ದಲ್ಲ. ಆ ಲೆಕ್ಕಕ್ಕೆ ಬಳಸಿದ ಕೊನೆಯ ಸಮೀಕ್ಷೆ ನಡೆದದ್ದು 2019-21ರಲ್ಲಿ. ಮುಂದಿನದು ಹಿಂದಿನ ವೇಗ ನೋಡಿ ಹಾಕಿದ ಅಂದಾಜು. ಕರ್ನಾಟಕದ ಬಡತನ ಶೇ 12.77ರಿಂದ 7.58ಕ್ಕೆ ಇಳಿಯಿತು ಎನ್ನುವುದೂ ಇದೇ ಸೂಚ್ಯಂಕದ ಮಾತು.

ಏನೂ ಆಗಿಲ್ಲ ಅಂತ ನಾವು ಹೇಳುತ್ತಿಲ್ಲ. ಕರೆಂಟ್ ಬಂದದ್ದು, ಶೌಚಾಲಯ ಕಟ್ಟಿದ್ದು ನಾವೂ ಕಂಡಿದ್ದೇವೆ. ಅದು ಸಣ್ಣ ಮಾತಲ್ಲ. ಆದರೆ ಯೋಜನೆ ಕೊಟ್ಟ ವಸ್ತುಗಳನ್ನೇ ಎಣಿಸಿ ಬಡತನ ಇಳಿಯಿತು ಅನ್ನುವುದು, ಬಿತ್ತಿದ ಬೀಜ ಎಣಿಸಿ ಇಳುವರಿ ಹೇಳಿದ ಹಾಗೆ. ಈ 12 ಅಂಶಗಳಲ್ಲಿ ಆದಾಯ ಇಲ್ಲ, ಕೂಲಿ ಇಲ್ಲ, ಸಾಲ ಇಲ್ಲ. ಖರ್ಚು ನೋಡಿ ಎಳೆದ ಹಳೆಯ ಬಡತನ ರೇಖೆ 2011-12ರಲ್ಲೇ ನಿಂತಿದೆ: ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ.

ರಾಜ್ಯ ಸರ್ಕಾರದ್ದೂ ಇದೇ ಕಥೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೂ ಸೂಚ್ಯಂಕದ ಖಾತೆ ಕಲಂ ಬದಲಾಗುವುದಿಲ್ಲ. ಖಾತೆ ಮೊದಲೇ ಇತ್ತಲ್ಲ! ಖಾತೆ ತೆರೆದರೆ ಅಂಕ, ಅದರೊಳಗೆ ದುಡ್ಡು ಬಿದ್ದರೆ ಅಂಕ ಇಲ್ಲ. ಹಾಗಾದರೆ ರಾಜ್ಯ ತನ್ನದೇ ಲೆಕ್ಕ ಇಟ್ಟು ತೋರಿಸಲಿ. ವೇದಿಕೆ ಮೇಲೆ ಕೇಳಿಸುವುದು ಎಷ್ಟು ಫಲಾನುಭವಿಗಳು, ಎಷ್ಟು ಕೋಟಿ ಬಿಡುಗಡೆ ಅಂತ ಮಾತ್ರ. ಆ ದುಡ್ಡಿನಿಂದ ಸಂಘದ ಕಂತು ತೀರಿತೇ, ಕಿರಾಣಿ ಅಂಗಡಿಯ ಉದ್ರಿ ಕಡಿಮೆಯಾಯಿತೇ ಅಂತ ಯಾರೂ ಹೇಳುವುದಿಲ್ಲ.

ತಪ್ಪು ನಮ್ಮದೂ ಇದೆ. ಪ್ರೆಸ್‌ನೋಟ್‌ನಲ್ಲಿ ಬಂದ ಅಂಕಿಯನ್ನು ಹಾಗೇ ಇಳಿಸಿ ಡೆಸ್ಕ್‌ಗೆ ಕಳಿಸಿದವರು ನಾವೇ. ಏನು ಎಣಿಸಿದಿರಿ, ಏನು ಬಿಟ್ಟಿರಿ ಅಂತ ಕೇಳಲಿಲ್ಲ.

ಈಗ ಕೇಳೋಣ. ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಜನಕ್ಕೆ ಕೊಟ್ಟಿರಿ ಅಂತ ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಮೂರೇ ಪ್ರಶ್ನೆ ಕೇಳಿ. ಹೋದ ವರ್ಷ ನಮ್ಮೂರಲ್ಲಿ ಒಂದೊಂದು ಮನೆಗೆ ಎಷ್ಟು ದಿನ ಕೂಲಿ ಸಿಕ್ಕಿತು? ಎಷ್ಟು ಮನೆಗಳ ಸಾಲ ಇಳಿಯಿತು, ಎಷ್ಟರದ್ದು ಏರಿತು? ಎಷ್ಟು ಮನೆಯವರು ಬಾಗಿಲಿಗೆ ಬೀಗ ಹಾಕಿ ಗುಳೆ ಹೋದರು?

ಉತ್ತರ ಗೊತ್ತಿಲ್ಲ ಅಂದರೆ ಅದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಡತನ ಅಳೆಯದೆ ಬಡತನ ಇಳಿಸಿದೆವು ಅನ್ನುವವರಿಗೆ ಅದೊಂದು ದಾಖಲೆಯಾದರೂ ಇರಲಿ.